ಬನಶಂಕರಿಯಲ್ಲಿ ಕೇಳಿದ ಅಂಬಲಿ ಪುರಾಣ

ಬರಗಾಲದಲ್ಲಿ ಕಾಯಿಪಲ್ಲೆ ಬೆಳೆದು ಲೋಕವನ್ನು ಸಲಹಿದ ಶಾಕಂಭರಿಯೇ ಬಾದಾಮಿ ಸಮೀಪದ ಬನಶಂಕರಿ. ಬನದ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಆಕೆಗೆ 108 ಬಗೆಯ ಪಲ್ಯಗಳ ನೈವೇದ್ಯವಾಗುತ್ತದೆ. ಇಂತಹ ದೇವಿಯ ಅಂಗಳದಿಂದ ಹಸಿದು ಮರಳುವವರುಂಟೆ? ಬುಟ್ಟಿ ಹೊತ್ತ ತಾಯಂದಿರು ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರುಗಳೊಡನೆ ಯಾತ್ರಿಕರನ್ನು ಕರೆಕರೆದು ಉಣಬಡಿಸುತ್ತಾರೆ.

ನಾವು ಹೋದದ್ದು ವೈಶಾಖದ ಬಿಸಿಲಿನಲ್ಲಿ. ಹರಿದ್ರಾತೀರ್ಥದ ಬಳಿ ಕುಳಿತಿದ್ದ ವೃದ್ಧೆಯೊಬ್ಬರ ರೊಟ್ಟಿಗಿಂತ, ಅವರು ತಮಗೆಂದು ತಂದಿದ್ದ ಅಂಬಲಿಯ ಗಡಿಗೆಯ ಮೇಲೆ ನಮ್ಮ ಕಣ್ಣು ಬಿದ್ದಿತು. ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ, ಇರುಳೆಲ್ಲ ಹುಳಿಯಲು ಬಿಟ್ಟು, ಮರುದಿನ ಕುದಿಸಿ ಆರಿಸಿ, ಮಜ್ಜಿಗೆ ಉಪ್ಪು ಬೆರೆಸಿದ ಪಾನೀಯವದು. ಮಾದಾರ ಚೆನ್ನಯ್ಯನ ಮನೆಯಲ್ಲಿ ಶಿವನೇ ಅಂಬಲಿಯುಂಡನೆನ್ನುವಾಗ ಅದನ್ನು ಬೇಡಲು ನಮಗೇಕೆ ಸಂಕೋಚ?

"ಇದು ಹುಟ್ಟಿದ್ದು ಹ್ಯಾಂಗ ಗೊತ್ತೇನ್ರೀ?" ಎನ್ನುತ್ತ ಆ ತಾಯಿ ಪುರಾಣಕ್ಕೆ ತೊಡಗಿದರು.

ಒಂದೂರಿನಲ್ಲಿ ಒಬ್ಬ ಜಿಪುಣ ಅತ್ತೆ. ಸೊಸೆ ಗಂಜಿಗೆಂದು ಕದಡಿದ ಹಿಟ್ಟನ್ನು, "ಇವತ್ತ ಯಾರಿಗೆ ಹಸಿವು? ನಾಳಿಗೆ ಇರಲಿ" ಎಂದು ಮುಚ್ಚಿ, ಮೇಲೊಂದು ಕಲ್ಲು ಹೇರಿದಳು. ನಡುರಾತ್ರಿ ಗಡಿಗೆಯೊಳಗೆ ಗುಳುಗುಳು ಸದ್ದು! ಗಡಿಗೆ ತನ್ನನ್ನೇ ಬಯ್ಯುತ್ತಿದೆಯೆಂದು ಅತ್ತೆ ನಡುಗಿದಳು. ಬೆಳಿಗ್ಗೆ ನೋಡಿದರೆ ನೊರೆ, ಹುಳಿ ವಾಸನೆ. ಚೆಲ್ಲಲು ಮನಸ್ಸಿಲ್ಲ, ಕುಡಿಯಲು ಧೈರ್ಯವಿಲ್ಲ. ಕುದಿಸಿ, ಮಜ್ಜಿಗೆ ಸುರಿದು, ವಿಷವಾಗಿದ್ದರೆ ತಿಳಿಯಲೆಂದು ಮೊದಲ ಬಟ್ಟಲನ್ನು ಸೊಸೆಗೇ ಕೊಟ್ಟಳು. ಆ ಮನೆಯಲ್ಲಿ ಸೊಸೆಗೆ ಮೊದಲ ಬಟ್ಟಲು ಸಿಕ್ಕಿದ್ದು ಅದೇ ಮೊದಲು! ಸೊಸೆ ಗಟಗಟನೆ ಕುಡಿದು ಮುಖ ಕಿವುಚಿ, "ಭಾಳ ಕೆಟ್ಟೈತ್ರೀ ಅತ್ತಿ, ನೀವು ಮುಟ್ಟಬ್ಯಾಡ್ರಿ. ಸಾಯೋದಾದ್ರ ನಾನ ಸಾಯತೀನಿ" ಎಂದು ಎರಡನೆಯದಕ್ಕೆ ಕೈಯೊಡ್ಡಿದಳು. ಮೂರನೆಯ ಬಟ್ಟಲಿಗೆ ಅತ್ತೆಗೆ ಅನುಮಾನ ಬಂದಿತು.

ಹಿಟ್ಟು ಹುಳಿಯುವುದು ಸೂಕ್ಷ್ಮಜೀವಿಗಳು ಹುಟ್ಟಿಸುವ ಲ್ಯಾಕ್ಟಿಕ್ ಆಮ್ಲದಿಂದ, ಸೆಕೆ ಹೆಚ್ಚಿದಷ್ಟೂ ಬೇಗ ಎಂಬುದು ಶಾಸ್ತ್ರದ ಮಾತು. ಅತ್ತೆಯ ಕಥೆ ಯಾವ ಸ್ಥಳಪುರಾಣದಲ್ಲಿಯೂ ಇರಲಾರದು; ಆ ತಾಯಿಯೇ ಕಟ್ಟಿದ್ದೆಂದು ಅವರ ಕಣ್ಣಂಚಿನ ನಗೆಯೇ ಸಾರುತ್ತಿತ್ತು. ಆದರೆ ಎಲ್ಲರೂ ಉಂಡಾದ ಮೇಲೆ ತಳದಲ್ಲುಳಿದುದನ್ನು ಉಣ್ಣುವ ಸೊಸೆ ಮಾತ್ರ ಕಟ್ಟುಕಥೆಯವಳಲ್ಲ. ಅವಳನ್ನು ನಮ್ಮ ನಿಮ್ಮ ಮನೆಗಳಲ್ಲಿಯೂ ಕಂಡಿದ್ದೇವೆ.

ಆ ಸೊಸೆ ಯಾವ ಊರಿನವಳೆಂದು ಕೇಳಿದೆವು. ಉತ್ತರಿಸದೆ ನಮ್ಮ ಬಟ್ಟಲಿಗೆ ಇನ್ನಷ್ಟು ಸುರಿದರು. ತಮಗೆಂದು ತಂದದ್ದು ಮುಗಿಯಿತಲ್ಲ ಎಂದುದಕ್ಕೆ, "ಇರಲಿ ತಗೋರಿ, ಮನ್ಯಾಗ ಇನ್ನೊಂದು ಗಡಿಗಿ ಐತಿ. ನಮ್ಮ ಸೊಸಿ ಕುಡಿದು ಉಳಿಸಿದ್ರ!" ಎಂದು ನಕ್ಕರು.