ಅಪ್ಪಣೆಗೆ ಮೊದಲು ಪ್ರಶ್ನೆ

ಸಂಸ್ಕೃತ ವ್ಯಾಕರಣದಲ್ಲಿ ಇರುವುದನ್ನು ಇದ್ದಂತೆ ಹೇಳುವುದಕ್ಕೆ ಲಟ್ ಎಂದೂ, ಅಪ್ಪಣೆ ಮಾಡುವುದಕ್ಕೆ ಲೋಟ್ ಎಂದೂ ಹೆಸರುಂಟು. ನಾವು ಪಾಠ ಹೇಳುತ್ತಿದ್ದಾಗ ಲಟ್ಟನ್ನು ಕಲಿತವನಿಗೇ ಲೋಟ್ಟಿನ ಪ್ರವೇಶ. ಯಂತ್ರಗಳೊಡನೆ ವ್ಯವಹರಿಸುವಲ್ಲಿಯೂ ಈ ಕ್ರಮವೇ ಹಿತವೆಂದು ನಮ್ಮ ಅಭಿಪ್ರಾಯ. ಟೇಪ್ ಡ್ರೈವ್ ಎಂಬ ಯಂತ್ರದಲ್ಲಂತೂ ವಿಶೇಷವಾಗಿ.

ಟೇಪಿನ ಕಾಲ ಮುಗಿಯಿತೆಂದು ತಿಳಿದವರು ಅನೇಕರು. ೨೦೧೧ರ ಫೆಬ್ರುವರಿಯಲ್ಲಿ ತಂತ್ರಾಂಶದ ಒಂದು ದೋಷದಿಂದ ಜೀಮೇಲಿನ ಕೆಲವರ ಪತ್ರಗಳು ಹಲವು ಪ್ರತಿಗಳಿಂದಲೂ ಮಾಯವಾದಾಗ, ಗೂಗಲ್ ಸಂಸ್ಥೆಯವರು ಅವನ್ನು ಟೇಪಿನಿಂದಲೇ ಮರಳಿ ಪಡೆದರು. ಡ್ರೈವಿನಿಂದ ತೆಗೆದಿಟ್ಟ ಟೇಪಿಗೆ ಗಣಕದ ರೋಗ ತಗಲದು. ೨೦೧೦ರಲ್ಲಿ ಬಂದ ಎಲ್‌ಟಿಒ-೫ ಜಾತಿಯ ಪೆಟ್ಟಿಗೆಯು ಅಂಗೈಯಗಲದ್ದು. ಒಳಗಿನ ಪಟ್ಟಿಯ ಉದ್ದ ೮೪೬ ಮೀಟರ್. ಹಿಡಿಸುವುದು ೧೫೦೦ ಗಿಗಾಬೈಟ್.

ಆದರೆ ಬೇಕಾದ ಪುಟವನ್ನು ತೆರೆದು ತಿದ್ದಲು ಇದು ಪುಸ್ತಕವಲ್ಲ. ಪಟ್ಟಿಯು ನಿಂತಲ್ಲಿಂದಲೇ ಬರವಣಿಗೆ. ಹೊಸದಾಗಿ ಬರೆದುದರ ಮುಂದೆ ಮೊದಲು ಏನಿದ್ದರೂ ಅದು ಮತ್ತೆ ಓದುವುದಕ್ಕೆ ದೊರೆಯದು. ಆದುದರಿಂದ ‘ಎಲ್ಲಿ ನಿಂತಿರುವೆ?’ ಎಂಬುದೇ ಮೊದಲನೆಯ ಪ್ರಶ್ನೆ. ಲಿನಕ್ಸ್ ಗಣಕದಲ್ಲಿ ಇದನ್ನು ಕೇಳುವ ಕ್ರಮ ಹೀಗೆ: ‘ಎಂಟಿ -ಎಫ್ /ಡೆವ್/ಎನ್‌ಎಸ್‌ಟಿ೦ ಸ್ಟೇಟಸ್’. ಪಟ್ಟಿಯು ಎಷ್ಟನೆಯ ಫೈಲಿನಲ್ಲಿದೆ, ಎಷ್ಟನೆಯ ಬ್ಲಾಕಿನಲ್ಲಿದೆ, ಬ್ಲಾಕಿನ ಅಳತೆ ಏನು, ಬರೆಯಲು ತಡೆಯುಂಟೋ ಇಲ್ಲವೋ ಎಂಬುದೆಲ್ಲ ಉತ್ತರದಲ್ಲಿ ಬರುತ್ತದೆ.

ಒಂದೇ ಡ್ರೈವಿಗೆ ಎರಡು ಹೆಸರುಗಳಿರುವುದನ್ನು ವಾಚಕರು ಗಮನಿಸಬೇಕು. ‘ಎಸ್‌ಟಿ೦’ ಎಂದು ಕರೆದರೆ ಕೆಲಸ ಮುಗಿದೊಡನೆ ಪಟ್ಟಿಯು ಮೊದಲಿಗೆ ಸುತ್ತಿಕೊಳ್ಳುತ್ತದೆ; ‘ಎನ್‌ಎಸ್‌ಟಿ೦’ ಎಂದರೆ ನಿಂತಲ್ಲಿಯೇ ನಿಲ್ಲುತ್ತದೆ. ಈ ‘ಎನ್’ ನಮ್ಮ ‘ನ’ಕಾರದಂತೆ ನಿಷೇಧಾರ್ಥಕವೇ! ಮೊದಲ ಹೆಸರಿನಿಂದ ಎರಡು ಸಲ ಬರೆದವನಿಗೆ ಎರಡನೆಯದು ಮಾತ್ರ ಉಳಿದೀತು.

ನಮ್ಮ ಊರಿನ ಒಂದು ಪುಸ್ತಕಭಂಡಾರದಲ್ಲಿ ತಾಳೆಗರಿಗಳ ಛಾಯಾಚಿತ್ರಗಳನ್ನು ಟೇಪಿನಲ್ಲಿ ಇಟ್ಟಿದ್ದಾರೆ. ಗ್ರಂಥಗಳ ಪಟ್ಟಿಯನ್ನು ಬರೆದುಕೊಡಲು ನಾವು ಅಲ್ಲಿಗೆ ಹೋಗುವುದುಂಟು. ಕಳೆದ ವರ್ಷ ಅಲ್ಲಿಯ ತರುಣರೊಬ್ಬರು ಐದನೆಯ ಕಟ್ಟಿನ ಚಿತ್ರಗಳನ್ನು ಸೇರಿಸಲು ಕುಳಿತಿದ್ದರು. “ಮೇಷ್ಟ್ರೇ, ನೆನ್ನೆ ನಾಲ್ಕನೆಯದರ ಕೊನೆಯಲ್ಲೇ ನಿಲ್ಲಿಸಿದ್ದೆ” ಎಂದರು. “ಆದರೂ ಒಮ್ಮೆ ಕೇಳಿ ನೋಡಪ್ಪ” ಎಂದೆವು. ಕೇಳಿದರೆ, ಫೈಲು ೦, ಬ್ಲಾಕು ೦! ರಾತ್ರಿ ಯಾರೋ ಟೇಪನ್ನು ತೆಗೆದು ಮತ್ತೆ ಹಾಕಿದ್ದರು. ಹಾಕಿದ ಟೇಪು ಮೊದಲಿನಲ್ಲಿಯೇ ನಿಲ್ಲುತ್ತದೆ. ಆ ನಾಲ್ಕರಲ್ಲಿ ಮೊದಲ ಕಟ್ಟಿನ ಮೂಲಗರಿಗಳನ್ನು ಹುಳು ತಿಂದು ಪುಡಿಮಾಡಿದ್ದಿತು, ಚಿತ್ರವೊಂದೇ ಉಳಿದಿದ್ದುದು. ತರುಣರು ಮಾತಾಡದೆ ‘ಇಒಡಿ’ ಎಂಬ ಅಪ್ಪಣೆಯಿಂದ ಬರವಣಿಗೆಯ ಕೊನೆಗೆ ಹೋಗಿ, ಮತ್ತೊಮ್ಮೆ ಕೇಳಿದರು. ಫೈಲು ೪ ಎಂದು ಬಂದಿತು. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಅದು ಐದನೆಯದರ ಸ್ಥಾನ. ಆಮೇಲೆ ಬರೆದರು.

ಬ್ಲಾಕಿನ ಅಳತೆಯ ವಿಷಯವೂ ಹೀಗೆಯೇ. ‘ಸೆಟ್‌ಬಿಎಲ್‌ಕೆ ೦’ ಎಂದರೆ ಡ್ರೈವಿನ ಕಡೆಯಿಂದ ನಿಯತವಾದ ಅಳತೆಯಿಲ್ಲ; ಬರೆಯುವ ತಂತ್ರಾಂಶದ ಅಳತೆಯೇ ಪ್ರಮಾಣ. ‘ಟಾರ್’ ತಾನಾಗಿ ಬಳಸುವುದು ೧೦,೨೪೦ ಬೈಟುಗಳನ್ನು. ಒಂದು ಅಳತೆಯಲ್ಲಿ ಬರೆದು ಮತ್ತೊಂದರಲ್ಲಿ ಓದಹೋದರೆ ಯಂತ್ರವು ದೋಷವೆಂದು ಕೂಗೀತು. ಪಟ್ಟಿಯು ಸರಿಯಾಗಿಯೇ ಇದ್ದರೂ ಕೆಟ್ಟಿತೆಂದು ಎಸೆಯುವವರುಂಟು. ಎಸೆಯುವ ಮೊದಲು ಅಳತೆಯನ್ನು ಕೇಳಿ ನೋಡತಕ್ಕದ್ದು.

ಮನೆಯ ಲೆಕ್ಕಪತ್ರಗಳನ್ನೋ ಹಿರಿಯರ ಚಿತ್ರಗಳನ್ನೋ ಹೀಗೆ ಕಾಪಾಡುವವರಿಗೆ ನಮ್ಮ ಸೂಚನೆ ಇಷ್ಟೆ. ಪ್ರತಿಗಳು ಎರಡಿರಲಿ, ಒಂದು ಬೇರೆ ಮನೆಯಲ್ಲಿರಲಿ. ಬರೆದು ಮುಗಿದ ಪೆಟ್ಟಿಗೆಯ ತಡೆಗುಂಡಿಯನ್ನು ಸರಿಸಿಡಿರಿ. ಫೈಲುಗಳೆಷ್ಟು, ಬ್ಲಾಕಿನ ಅಳತೆ ಏನು ಎಂಬುದನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಡನೆ ಇಡಿರಿ. ಮುಂದೆ ಅದನ್ನು ತೆರೆಯುವವರಿಗೆ ನಮ್ಮನ್ನು ಕೇಳುವ ಅನುಕೂಲವಿರಲಾರದು.