ಹಣೆ ಸವರಿದ ತಪ್ಪು

ಮಲೆನಾಡಿನ ಮಳೆಗೆ ಕುರಿ ಒಗ್ಗುವುದಿಲ್ಲ, ಗೊರಸು ಕೊಳೆಯುತ್ತದೆ. ಹೊಸನಗರದ ಕಡೆಯ ನಮ್ಮ ಹಳ್ಳಿಯಲ್ಲಿ ಆಡು ಸಾಕಿದವರುಂಟು, ಕುರಿ ಸಾಕಿದವರು ವಿರಳ. ಆದರೂ ನಾವು ಸಾಕಿದೆವು. ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಕುರಿಮಂದೆಯೊಂದು ಸಾಗರ ತಾಲ್ಲೂಕಿನ ಆನಂದಪುರದ ಬಳಿ ಗದ್ದೆಯೊಂದರಲ್ಲಿ ತಂಗಿತ್ತು. ತಾಯಿ ಸತ್ತಿದ್ದ ಮೂರು ದಿನದ ಮರಿಯನ್ನು ಕುರಿಗಾರ ಅಜ್ಜ ನನ್ನ ಮಗಳ ಮಡಿಲಿಗೆ ಹಾಕಿ, "ಬದುಕಿದರೆ ನಿನ್ನದು ಮಗಾ" ಎಂದರು.

ಬದುಕಿತು. ಬಾಟಲಿಯಲ್ಲಿ ಹಸುವಿನ ಹಾಲು ಕುಡಿದು, ಒಲೆಯ ಪಕ್ಕದ ಗೋಣಿಯ ಮೇಲೆ ಮಲಗಿ ಬೆಳೆಯಿತು. ಪ್ರವಾದಿ ನಾತಾನನು ದಾವೀದನಿಗೆ ಹೇಳಿದ ಕಥೆಯಲ್ಲಿ ಬಡವನ ತುತ್ತನ್ನು ಹಂಚಿಕೊಂಡ ಕುರಿಮರಿ ನೆನಪಾಗುತ್ತಿತ್ತು. ಅದು ಹೆಣ್ಣುಮರಿ, ನಮ್ಮದು ಗಂಡು ಎಂಬುದನ್ನು ಮಾತ್ರ ನಾನು ಯೋಚಿಸಲಿಲ್ಲ! ಮಗಳು ಅದರ ಹಣೆಗೆ ಅಂಗೈಯಿಟ್ಟು ನೂಕುವಳು, ಅದು ಮರಳಿ ನೂಕುವುದು, ನಾವೆಲ್ಲ ನಗುತ್ತಿದ್ದೆವು.

ಹತ್ತನೆಯ ತಿಂಗಳು, ಅಂಗಳದಲ್ಲಿ ಬಗ್ಗಿ ಅಡಿಕೆ ಹರಡುತ್ತಿದ್ದ ಅಮ್ಮನನ್ನು ಅದು ಹಿಂದಿನಿಂದ ಗುದ್ದಿತು. ಬಿದ್ದ ರಭಸಕ್ಕೆ ಅಮ್ಮನ ಮಣಿಕಟ್ಟಿನ ಮೂಳೆ ಮುರಿಯಿತು.

ತೀರ್ಥಹಳ್ಳಿಯ ಭಾವ, ಮಾಂಸಕ್ಕೆ ಮಾರಿಬಿಡಿ ಎಂದರು. ಟಗರು ಕಾಳಗದ ಹುಚ್ಚಿನವನೊಬ್ಬ ದುಪ್ಪಟ್ಟು ಹಣ ತೋರಿಸಿದ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಕಾಯಿದೆಯಂತೆ ಅಪರಾಧ. ಕಾಯಿದೆ ಇರದಿದ್ದರೂ ನಾನು ಕೊಡುತ್ತಿರಲಿಲ್ಲ ಎಂದುಕೊಂಡಿದ್ದೇನೆ, ಆ ದಿನ ಆಸ್ಪತ್ರೆಯ ಬಿಲ್ಲು ಜೇಬಿನಲ್ಲಿತ್ತು ಎಂಬುದೂ ನಿಜ. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಅಮ್ಮನೇ, "ಆ ದುಡ್ಡಿನ ಅಕ್ಕಿ ನನಗೆ ಸೇರುವುದಿಲ್ಲ" ಎಂದಳು.

ಪಶುವೈದ್ಯರು ಹೇಳಿದ್ದು ಬೇರೆಯೇ. ಮಂದೆಯಲ್ಲಿ ಬೆಳೆದ ಟಗರಿಗೆ ಮನುಷ್ಯನ ಅಂಜಿಕೆಯಿರುತ್ತದೆ; ಬಾಟಲಿಯಲ್ಲಿ ಬೆಳೆದದ್ದು ನಮ್ಮನ್ನೇ ಮಂದೆ ಎಂದು ತಿಳಿಯುತ್ತದೆ. ಮಂದೆಯಲ್ಲಿ ಯಾರು ಮೇಲು ಎಂಬುದು ಹಣೆಯಿಂದಲೇ ತೀರ್ಮಾನವಾಗುವುದು. ಅದರ ಹಣೆ ನೂಕಿ ಆಡಿದವರು ನಾವೇ. "ಮೂರು ನಾಲ್ಕು ತಿಂಗಳಿಗೇ ಬೀಜ ಒಡೆಸಬೇಕಿತ್ತು. ಈಗ ಮಾಡಿದರೆ ಮದ ಇಳಿಯುತ್ತದೆ, ಕಲಿತ ಚಾಳಿ ಪೂರ್ತಿ ಹೋಗುತ್ತದೆಂದು ನಾನು ಹೇಳಲಾರೆ" ಎಂದರು.

ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಬುರ್ಡಿಜೋ ಎಂಬ ಇಕ್ಕಳದಿಂದ ಚರ್ಮ ಹರಿಯದಂತೆ ಒಳಗಿನ ನಾಳವನ್ನಷ್ಟೇ ಜಜ್ಜಿದರು. ರಕ್ತ ಬರಲಿಲ್ಲ. ಕುತ್ತಿಗೆ ಹಿಡಿದಿದ್ದ ಮಗಳು ಅತ್ತಳು. ಕೆಲವು ವಾರಗಳಲ್ಲಿ ಬೀಜಗಳು ಬತ್ತಿದವು.

ಈಗ ಅದಕ್ಕೆ ಬಿದಿರು ಬೇಲಿಯ ಕೊಟ್ಟಿಗೆ, ಜೊತೆಗೊಂದು ಆಡು. ಹಣೆ ಮುಟ್ಟುವವರಿಲ್ಲ, ಗಲ್ಲದ ಕೆಳಗೆ ತುರಿಸಿದರೆ ಕಣ್ಣು ಮುಚ್ಚಿ ನಿಲ್ಲುತ್ತದೆ. ಅಮ್ಮ ಮಾತ್ರ ಇಂದಿಗೂ ದಣಪೆ ಹಾಕಿದೆಯೇ ಎಂದು ನೋಡಿಯೇ ಅಂಗಳದಲ್ಲಿ ಬಗ್ಗುತ್ತಾಳೆ.