ಹೊರನಾಡಿನಲ್ಲಿ ಮೊದಲ ತುತ್ತು

ಕೈಗೂಸನ್ನು ಎತ್ತಿಕೊಂಡು ದೂರದ ಊರಿಗೆ ಹೊರಡುವ ಸಂಸಾರಕ್ಕೆ ಬುದ್ಧಿವಾದ ಹೇಳದ ನೆಂಟರಿಲ್ಲ. ಗಾಳಿ ತಾಗೀತು, ನೀರು ಒಗ್ಗದು, ಘಟ್ಟದ ತಿರುವುಗಳಲ್ಲಿ ಮಗು ಬಳಲೀತು ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಬೆಂಗಳೂರಿನ ಬಸವನಗುಡಿಯ ಒಂದು ಪುಟ್ಟ ಸಂಸಾರವೂ ಈ ಮಾತುಗಳನ್ನೆಲ್ಲ ಕೇಳಿಸಿಕೊಂಡೇ ಮಾರ್ಚ್ ತಿಂಗಳ ಒಂದು ಮುಂಜಾನೆ ಹೊರನಾಡಿನ ದಾರಿ ಹಿಡಿಯಿತು. ಬಾಡಿಗೆಯ ಕಾರಿನಲ್ಲಿ ಚಾಲಕನನ್ನು ಬಿಟ್ಟರೆ ನಾಲ್ವರು: ತಂದೆ, ತಾಯಿ, ಅಜ್ಜಿ ಮತ್ತು ಈ ಸಡಗರಕ್ಕೆಲ್ಲ ಕಾರಣಳಾದ ಹೆಣ್ಣು ಮಗು.

ಮಗುವಿಗೆ ಆರು ತಿಂಗಳು ತುಂಬಿ ಏಳನೆಯದು ನಡೆಯುತ್ತಿತ್ತು. ಅನ್ನಪ್ರಾಶನವನ್ನು ಗಂಡಿಗೆ ಸಮ ತಿಂಗಳಲ್ಲಿಯೂ ಹೆಣ್ಣಿಗೆ ಬೆಸ ತಿಂಗಳಲ್ಲಿಯೂ ಮಾಡುವುದು ವಾಡಿಕೆ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ಅನಂತರ ಅದರೊಡನೆ ಮೆತ್ತನೆಯ ಆಹಾರವೂ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶಾಸ್ತ್ರವೂ ವೈದ್ಯವೂ ಒಂದೇ ಮುಹೂರ್ತಕ್ಕೆ ಒಪ್ಪಿದುದು ಅಜ್ಜಿಗೆ ಬಹಳ ಸಮಾಧಾನ ತಂದಿತ್ತು.

ಜೇನಿನ ಮಾತು

ಒಪ್ಪಿಗೆಯಾಗದೆ ಉಳಿದ ವಿಷಯ ಒಂದೇ. ಅಜ್ಜಿಯ ಕೈಚೀಲದಲ್ಲಿ ಎರಡು ವಸ್ತುಗಳಿದ್ದವು. ಮೊದಲನೆಯದು ರಾಗಿ ಸರಿಯ ಡಬ್ಬಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟು ಅದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುವುದರಿಂದ ಗಂಜಿ ಗಟ್ಟಿಯಾಗದೆ ನಯವಾಗಿ ಇಳಿಯುತ್ತದೆ. ಅನ್ನದ ಮರುದಿನದಿಂದ ಇದನ್ನು ಆರಂಭಿಸಬೇಕೆಂಬುದು ಅಜ್ಜಿಯ ಯೋಜನೆ. ಇದಕ್ಕೆ ಯಾರ ತಕರಾರೂ ಇರಲಿಲ್ಲ.

ಎರಡನೆಯದು ಒಂದು ಸಣ್ಣ ಜೇನಿನ ಶೀಶೆ. ಕಾರು ಹಾಸನವನ್ನು ದಾಟುವ ಹೊತ್ತಿಗೆ ಅದರ ಮಾತು ಬಂದೇ ಬಂದಿತು.

"ಜೇನು ಬೇಡ ಅತ್ತೆ. ವರ್ಷ ತುಂಬುವವರೆಗೆ ಒಂದು ತೊಟ್ಟೂ ಕೂಡದೆಂದು ಡಾಕ್ಟರು ಹೇಳಿದ್ದಾರೆ," ಎಂದಳು ಸೊಸೆ.

"ನಿನ್ನ ಗಂಡನಿಗೆ ನಾನೇ ನೆಕ್ಕಿಸಿದ್ದೆನಮ್ಮ. ಅವನು ಗುಂಡುಕಲ್ಲಿನ ಹಾಗೆ ಬೆಳೆಯಲಿಲ್ಲವೆ?"

ಸೊಸೆಯ ಅಂಜಿಕೆ ನಿರಾಧಾರವಾದುದಲ್ಲ. ಜೇನಿನಲ್ಲಿ ಕೆಲವೊಮ್ಮೆ ಬಾಟುಲಿಸಂ ಎಂಬ ರೋಗದ ಬೀಜಾಣುಗಳು ಅಡಗಿರುತ್ತವೆ. ದೊಡ್ಡವರ ಜಠರ, ಕರುಳುಗಳು ಅವನ್ನು ಅಡಗಿಸುತ್ತವೆ. ವರ್ಷ ತುಂಬದ ಶಿಶುವಿನ ಕರುಳಿನಲ್ಲಿಯಾದರೋ ಅವು ಮೊಳೆತು ವಿಷ ಕಾರಬಹುದು. ಮಗು ಹಾಲು ಚೀಪಲಾರದೆ, ಕತ್ತು ನಿಲ್ಲದೆ, ಉಸಿರಿಗೂ ತೊಡಕಾಗಬಹುದು. ಅಂತಹ ಪ್ರಸಂಗ ಅಪರೂಪ. ಆದರೆ ಆ ಅಪರೂಪ ಯಾವ ಮನೆಗೆ ಬಂದೀತೆಂದು ಬಲ್ಲವರಾರು? ಸೊಸೆ ಇಷ್ಟನ್ನೂ ಮೆಲ್ಲನೆ ವಿವರಿಸಿದಳು. ಅಜ್ಜಿ ಉತ್ತರ ಕೊಡಲಿಲ್ಲ. ಕಿಟಕಿಯ ಹೊರಗೆ ನೋಡತೊಡಗಿದರು. ನಡುವೆ ಸಿಕ್ಕಿಕೊಂಡ ಮಗರಾಯ ನಿದ್ದೆಯ ನಟನೆ ಮಾಡಿದ.

ಬೇಲೂರಿನಲ್ಲಿ ಚೆನ್ನಕೇಶವನಿಗೆ ದೂರದಿಂದಲೇ ಕೈಮುಗಿದು ಮೂಡಿಗೆರೆಯ ಕಡೆ ತಿರುಗಿದೊಡನೆ ನೋಟವೇ ಬದಲಾಯಿತು. ಹತ್ತು ದಿನಗಳ ಹಿಂದೆ ಬಿದ್ದ ಮಳೆಗೆ ಕಾಫಿ ತೋಟಗಳು ಹೂತಿದ್ದವು. ಗಿಡದ ರೆಂಬೆರೆಂಬೆಗೂ ಮೊಲ್ಲೆಯ ದಂಡೆ ಕಟ್ಟಿದಂತೆ ಬೆಳ್ಳನೆಯ ಹೂವು. ಗಾಳಿಯಲ್ಲೆಲ್ಲ ಮಲ್ಲಿಗೆಯನ್ನು ಹೋಲುವ ಪರಿಮಳ. ಎರಡು ಮೂರು ದಿನಗಳಲ್ಲಿ ಬಾಡಿಹೋಗುವ ಈ ವೈಭವ ಕಣ್ಣಿಗೆ ಬೀಳುವುದೇ ಒಂದು ಭಾಗ್ಯ. ಮಾತುಬಿಟ್ಟ ಅತ್ತೆಸೊಸೆಯರು ಮೊದಲು ಒಟ್ಟಿಗೆ "ಆಹಾ!" ಎಂದದ್ದು ಇಲ್ಲಿಯೇ.

ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರ ನೀರುದೋಸೆಗೆ ಹೆಸರಾದ ಊರು. ಆದರೆ ಅಲ್ಲಿ ಯಾರೂ ಸುಖವಾಗಿ ತಿನ್ನಲಿಲ್ಲ. ತಿರುವುಗಳಲ್ಲಿ ತಲೆ ತಿರುಗಿದ್ದು ಮಗುವಿಗಲ್ಲ, ತಂದೆಗೆ! ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ವಿರಳವೆಂಬುದನ್ನು ಬುದ್ಧಿ ಹೇಳಿದ ನೆಂಟರು ಬಲ್ಲವರಾಗಿರಲಿಲ್ಲ. ಮಗು ಮಡಿಲಲ್ಲಿ ನಿಶ್ಚಿಂತೆಯಾಗಿ ಮಲಗಿತ್ತು. ತಂದೆ ನಿಂಬೆಹಣ್ಣನ್ನು ಮೂಸುತ್ತ ಕುಳಿತಿದ್ದ.

ಹೊಳೆಯಾಚೆಯ ಊರು

ಕಳಸವನ್ನು ದಾಟಿ ಭದ್ರೆಯನ್ನು ಹಾಯ್ದರೆ ಹೊರನಾಡು ಸಮೀಪ. ಜೋರು ಮಳೆಯ ದಿನಗಳಲ್ಲಿ ಇಲ್ಲಿಯ ಹೆಬ್ಬಾಳೆ ಸೇತುವೆ ನೀರಿನಡಿಯಾಗಿ ಸಂಚಾರ ನಿಂತುದುಂಟು. ಆಗ ಮಾರ್ಚ್ ತಿಂಗಳಾದುದರಿಂದ ಹೊಳೆ ಬಂಡೆಗಳ ನಡುವೆ ಸೌಮ್ಯವಾಗಿ ಹರಿಯುತ್ತಿತ್ತು. ಸುತ್ತಲೂ ಅಡಿಕೆಯ ತೋಟ, ಕಾಡು. ನಡುವೆ ಅನ್ನಪೂರ್ಣೇಶ್ವರಿಯ ಆಲಯ. 1973ರಲ್ಲಿ ಪುನಃಪ್ರತಿಷ್ಠೆಯಾದ ದೇವಿ ಸುವರ್ಣಾಲಂಕೃತಳಾಗಿ ನಿಂತಿದ್ದಾಳೆ.

ಜಗತ್ತೆಲ್ಲವೂ ಮಾಯೆ, ಅನ್ನವೂ ಮಾಯೆ ಎಂದ ಶಿವನಿಗೆ ಪಾಠ ಕಲಿಸಲು ಪಾರ್ವತಿ ಮರೆಯಾದಳಂತೆ. ಲೋಕವೆಲ್ಲ ಹಸಿವಿನಿಂದ ಬಳಲಿದಾಗ ಶಿವನೇ ಕಪಾಲ ಹಿಡಿದು ಆಕೆಯ ಬಾಗಿಲಿಗೆ ಭಿಕ್ಷೆಗೆ ಬಂದನೆಂಬುದು ಪುರಾಣದ ಕಥೆ. ಅಂತಹ ತಾಯಿಯ ಊರಿನಲ್ಲಿ ಬಂದವರೆಲ್ಲರಿಗೂ ಊಟವಿಕ್ಕುವುದೇ ದೊಡ್ಡ ಸೇವೆ. ಮಕ್ಕಳಿಗೆ ಮೊದಲ ಅನ್ನ ಉಣಿಸಲು ದೂರದೂರದ ಸಂಸಾರಗಳು ಇಲ್ಲಿಗೆ ಬರುವುದೂ ಈ ನಂಬಿಕೆಯಿಂದಲೇ.

ತುತ್ತಿನ ಗಳಿಗೆ ಬಂದಿತು. ಅಜ್ಜಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೆತ್ತಗೆ ಬೆಂದ ಅನ್ನವನ್ನು ಬೆರಳುಗಳಿಂದ ಬೆಣ್ಣೆಯಂತೆ ನುರಿದರು. ಅದಕ್ಕೆ ತುಪ್ಪ ಬಿತ್ತು. ಮತ್ತೊಂದು ಕೈ ಚೀಲದ ಕಡೆ ಸರಿಯಿತು. ಸೊಸೆಯ ಉಸಿರು ನಿಂತಂತಾಯಿತು. ಚೀಲದಿಂದ ಹೊರಬಂದದ್ದು ಮಡಿಸಿಟ್ಟ ಮೆತ್ತನೆಯ ಬಟ್ಟೆ, ಮಗುವಿನ ಬಾಯೊರಸಲು. "ಬಾಯಿ ತೆಗಿ, ಪುಟ್ಟಿ," ಎಂದರು ಅಜ್ಜಿ.

ಮಗು ಮೊದಲು ಮುಖ ಹುಳ್ಳಗೆ ಮಾಡಿತು. ನಾಲಗೆಯಿಂದ ಅರ್ಧವನ್ನು ಹೊರದೂಡಿತು. ಅನಂತರ ಏನೋ ಹೊಳೆದಂತೆ ಚಪ್ಪರಿಸಿ, ಎರಡನೆಯ ತುತ್ತಿಗೆ ತಾನೇ ಬಾಗಿತು.

ಬಿಸಿ ಊಟ

ಊಟದ ಪಂಕ್ತಿಯಲ್ಲಿ ತಾಯಿ ರೂಢಿಯಂತೆ ಮಗುವನ್ನೆತ್ತಿಕೊಂಡು ಹಿಂದೆ ನಿಂತಳು. ಹೆರಿಗೆಯಾದಂದಿನಿಂದ ಆಕೆ ಬಿಸಿಯಾಗಿ ಉಂಡ ದಿನಗಳು ಬೆರಳೆಣಿಕೆಯಷ್ಟು. ಅಜ್ಜಿ ಬಂದು ಮಗುವನ್ನು ಕೈಗೆ ತೆಗೆದುಕೊಂಡರು. "ನೀನು ಕೂತುಕೋ. ನನ್ನದು ಮುಂದಿನ ಪಂಕ್ತಿಗಾಗಲಿ. ಮಜ್ಜಿಗೆ ಬರುವವರೆಗೆ ಏಳಕೂಡದು." ಹೊಗೆಯಾಡುವ ಅನ್ನ, ಸಾರು, ಪಾಯಸ ಒಂದಾದ ಮೇಲೊಂದು ಬಂದವು. ತಾಯಿ ನಿಧಾನವಾಗಿ, ಹೊಟ್ಟೆ ತುಂಬ ಉಂಡಳು.

ಮರುದಿನ ಹಿಂದಿರುಗುವಾಗ ಕಾರು ಮತ್ತೆ ಕೊಟ್ಟಿಗೆಹಾರದಲ್ಲಿ ನಿಂತಿತು. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ನೀರಿನಂತೆ ತೆಳ್ಳಗೆ ಹುಯ್ದ ದೋಸೆಗಳು ಕರವಸ್ತ್ರದಂತೆ ಮಡಿಸಿ ತಟ್ಟೆಗೆ ಬಂದವು, ಜೊತೆಗೆ ಕಾಯಿಚಟ್ನಿ. ಈ ಸಲ ತಂದೆಯೂ ಹಸಿದಿದ್ದ.

ಆಗ ಅಜ್ಜಿ ಚೀಲದಿಂದ ಆ ಶೀಶೆಯನ್ನು ಹೊರತೆಗೆದರು. ಮುಚ್ಚಳ ಬಿಚ್ಚಿ ಸೊಸೆಯ ತಟ್ಟೆಯ ದೋಸೆಯ ಮೇಲೆ ಧಾರಾಳವಾಗಿ ಜೇನು ಸುರಿದರು.

"ನಿನಗೆ ವರ್ಷ ತುಂಬಿದೆಯಷ್ಟೆ? ತಿನ್ನು," ಎಂದರು.

ಮಗು ಜೇನಿನ ಹೊಳಪಿನ ಕಡೆ ಕೈಚಾಚಿತು. ಅಜ್ಜಿ ತಟ್ಟೆಯನ್ನು ಆಚೆ ಸರಿಸಿ, "ನಿನಗೆ ಮುಂದಿನ ವರ್ಷ," ಎಂದು ಅದರ ಕೈಯನ್ನು ತಮ್ಮ ಕೈಯೊಳಗಿಟ್ಟುಕೊಂಡರು.